ಬಾಗಿಲ ಹೊರಗೆ ನಿಂತ ಮೀಸೆಯವನು

"ಯಾರಿದು, ನಮ್ಮ ಅಡಿಗಿಮನಿಯೊಳಗ?"

ಟ್ಯಾಬ್‌ನ ಪುಟ್ಟ ಮನೆಯಲ್ಲಿ, ಒಲೆಯ ಮುಂದೆ, ಮೀಸೆಯ ಗೊಂಬೆಯೊಂದು ರಾಜಾರೋಷವಾಗಿ ನಿಂತಿತ್ತು. ಸವಿತಾಳಿಗೆ ಸಿಟ್ಟೇ ಬಂತು. ನಿನ್ನೆ ತಾನೂ ಮಗಳು ವೇಣಿಯೂ ಜೋಡಿಸಿದ ಮನೆ ಅದು. ಗೆಲುವಿಲ್ಲ, ಸೋಲಿಲ್ಲ, ಪಾಯಿಂಟಿಲ್ಲ; ಬೆರಳಲ್ಲಿ ಎಳೆದು ಬೇಕಾದ್ದನ್ನು ಬೇಕಾದಲ್ಲಿಟ್ಟು ಕಥೆ ಕಟ್ಟುವ ಆಟ. ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಹಸಿರು ಫ್ರಾಕಿನದು ಅಮ್ಮ, ಜುಟ್ಟಿನದು ವೇಣಿ. ಗಂಡಸಿಗೆ ಅಲ್ಲಿ ಜಾಗವಿರಲಿಲ್ಲ.

"ನೀಲಳ ಅಪ್ಪ ಕಣವ್ವ, ಅನುಮೇಸ," ಎಂದು ಮುನಿಯಕ್ಕ ನಕ್ಕಳು. ಸಿಂಗಸಂದ್ರದ ತನ್ನ ಹಾಲ್‌ನಲ್ಲಿ ಫ್ಯಾಕ್ಟರಿಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಆಕೆ. ಟ್ಯಾಬ್ ಅವಳ ಮಗ ಬಳಸಿ ಬಿಟ್ಟದ್ದು. "ಎಂಡ್ತಿ ತೀರ್ಕಂಡ್ಮೇಲೆ ಮಗೀನ ಒಬ್ನೇ ಸಾಕ್ತಾವ್ನೆ. ಮಗೀನ್ ಬಿಡಕ್ ಬಂದು ಮಗೀಗಿಂತ ಜಾಸ್ತಿ ಅವ್ನೇ ಆಡ್ತಾನೆ."

ಸವಿತಾ ಮೀಸೆಯವನನ್ನು ಎಳೆದು ಬಾಗಿಲ ಹೊರಗೆ ನಿಲ್ಲಿಸಿದಳು.

ಮರುದಿನ ಅವನು ಅಲ್ಲೇ ಇದ್ದ, ಛತ್ರಿ ಹಿಡಿದುಕೊಂಡು. ಆ ಆಟದಲ್ಲಿ ಮಳೆಯೇ ಬರುವುದಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ. ಪಾಪವೆನಿಸಿ ಒಳಗಿನ ಒಂದು ಕುರ್ಚಿಯನ್ನು ಎಳೆದು ಅವನ ಪಕ್ಕ ಇಟ್ಟಳು.

ಇಬ್ಬರೂ ದುಡಿಯುತ್ತಿದ್ದದ್ದು ಬೊಮ್ಮಸಂದ್ರದ ಒಂದೇ ಮಾತ್ರೆ ಫ್ಯಾಕ್ಟರಿಯಲ್ಲಿ. ಆದರೆ ಅವಳು ಫಸ್ಟ್ ಶಿಫ್ಟಾದರೆ ಅವನು ಸೆಕೆಂಡು. ವಾರ ತಿರುಗಿದರೆ ಇಬ್ಬರದೂ ಅದಲುಬದಲು. ಒಂದೂವರೆಗೆ ಒಬ್ಬರು ಮಗುವನ್ನು ಬಿಟ್ಟು ಹೋದ ಮೇಲೆ, ಎರಡೂವರೆಗೆ ಇನ್ನೊಬ್ಬರು ಬಂದು ತಮ್ಮದನ್ನು ಕರೆದೊಯ್ಯುವರು. ಆ ಒಂದು ಗಂಟೆ ಮಕ್ಕಳಿಬ್ಬರೂ ಜೊತೆಯಲ್ಲಿ ಆಡುತ್ತಿದ್ದರು. ದೊಡ್ಡವರಿಗೆ ಅಷ್ಟೂ ಇರಲಿಲ್ಲ.

ನೀಲಳಿಗೆ ಒಂದು ಚಾಳಿ. ಇಷ್ಟವಾದದ್ದನ್ನೆಲ್ಲ ಆಟದ ಫ್ರಿಜ್ಜಿಗೆ ತುಂಬುವಳು. ಚಪ್ಪಲಿ, ಬೆಕ್ಕು, ದಿಂಬು. ಒಂದು ದಿನ ಸವಿತಾ ದಿಂಬು ಹುಡುಕುತ್ತಾ ಫ್ರಿಜ್ಜು ಮುಚ್ಚಿ ತಿರುಗಿದರೆ, ಹೊಸ್ತಿಲ ಮೇಲೊಂದು ತಟ್ಟೆ. ತಟ್ಟೆಯಲ್ಲಿ ಬೆಳ್ಳಗೆ, ದುಂಡಗೆ, ತೆಳ್ಳಗೆ ಏನೋ. ಪಕ್ಕದಲ್ಲಿ ಕೆಂಪಗೆ ಒಂದು ಟೊಮೇಟೊ.

ರೊಟ್ಟಿ, ಕೆಂಪು ಚಟ್ನಿ. ಇಡೀ ಆಟದಲ್ಲಿ ಹುಡುಕಿ ಹುಡುಕಿ, ಸಿಕ್ಕಿದ್ದರಲ್ಲೇ ಮಾಡಿದ್ದಾನೆ!

ಗಂಡ ತೀರಿಕೊಂಡು ನಾಲ್ಕು ವರ್ಷ. ತಟ್ಟೆ ಹಾಕಿ ಅವಳಿಗೆ ಉಣ್ಣು ಎಂದವರಿರಲಿಲ್ಲ. ಸವಿತಾ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ತಟ್ಟೆ ಖಾಲಿ ಮಾಡಿಟ್ಟಳು.

ಅಂದಿನಿಂದ ಹೊಸೂರು ರಸ್ತೆಯಲ್ಲಿ ಎದುರು ಶಿಫ್ಟಿನ ಬಸ್ಸು ಹಾದಾಗಲೆಲ್ಲ ಅವಳ ಕಣ್ಣು ಕಿಟಕಿಗಳ ಮೇಲೆ. ಎಲ್ಲರಿಗೂ ಮೀಸೆ. ಯಾವನೆಂದು ಹುಡುಕುವುದು? ಶಿಫ್ಟ್ ಬದಲಿಸಿಕೊಡಿ ಎಂದು ಸೂಪರ್‌ವೈಸರ್‌ನನ್ನು ಕೇಳಲು ಕಾರಣವೇನು ಹೇಳುವುದು? ರಾತ್ರಿ ಮಗುವಿಗಾಗಿ ಬರುವವನನ್ನು ಕಾಯುತ್ತಾ ಕೂತರೆ ಓಣಿ ಸುಮ್ಮನಿರುತ್ತದೆಯೇ?

ಆ ಶನಿವಾರ ಅವಳಿಗೆ ಸೆಕೆಂಡ್ ಶಿಫ್ಟ್. ವೇಣಿಯನ್ನು ಬಿಡಲು ಬಂದಾಗ ಮುನಿಯಕ್ಕ ಮುಖ ಸಣ್ಣ ಮಾಡಿಕೊಂಡಿದ್ದಳು.

"ಸೋಮಾರದಿಂದ ಅನುಮೇಸನ್ನ ಪೀಣ್ಯಕ್ಕೆ ಆಕವ್ರಂತೆ ಕಣವ್ವ. ರೂಮೂ ಅಲ್ಲೇ. ಇವತ್ತೇ ಕೊನೆ."

ಟ್ಯಾಬ್‌ನಲ್ಲಿ ಮೀಸೆಯವನು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ಕೈಯಲ್ಲಿ ಸೂಟ್‌ಕೇಸು. ಕುರ್ಚಿಯನ್ನು ಒಳಗಿಟ್ಟಿದ್ದ, ಮೊದಲು ಅದಿದ್ದ ಜಾಗದಲ್ಲೇ.

ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಇನ್ನೊಮ್ಮೆ. ಸವಿತಾ ಟ್ಯಾಬ್ ಹಿಡಿದು ಅಲ್ಲೇ ಕೂತಳು.

"ಬಸ್ ಓಯ್ತಲ್ಲವ್ವ!"

"ಹೋಗ್ಲಿ ಬಿಡ್ರಿ," ಎಂದಳು.

ಎರಡೂವರೆಗೆ ಚಪ್ಪಲಿ ಬಿಡುವ ಸದ್ದು. ಬಂದವನು ತೆಳ್ಳಗಿದ್ದ. ಅವನಿಗೆ ಮೀಸೆಯೇ ಇರಲಿಲ್ಲ.

ಅವಳನ್ನು ಕಂಡು ಹೊಸ್ತಿಲಾಚೆಯೇ ನಿಂತುಬಿಟ್ಟ. "ನೀವು... ಹಸಿರು ಫ್ರಾಕು?"

ಮುನಿಯಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ಮೀಸಿ ಎಲ್ಲಿ?" ಸವಿತಾ ಕೇಳಿದಳು.

"ಆ ಆಟದಾಗ ಇದ್ದ ಗಂಡಸು ಅವನೊಬ್ಬನರೀ." ಕಣ್ಣೆತ್ತಿದ, ಇಳಿಸಿದ. "ಬಸ್ ತಪ್ಪಿತೇನ್ರಿ?"

"ತಪ್ಪಲಿಲ್ಲ. ಬಿಟ್ಟೆ."

ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

"ಪೀಣ್ಯಾಕ ಎರಡೂವರಿ ತಾಸು," ಎಂದ ಕೊನೆಗೆ. "ವಾರಕ್ಕೊಂದೇ ರಜಾ. ಏನ್ ಮಾಡ್ಲಿ, ನನ್ ಕೈಯಾಗ ಏನೂ ಇಲ್ರೀ. ಆದ್ರ ಆ ರಜಾದಾಗ ಬರಬೇಕಂತೀನಿ. ಬರ್ಲ್ಯಾ?"

"ಹೊರಗ ನಿಂದ್ರೂದಾದ್ರ ಬ್ಯಾಡ."

ಅವನು ಹೊಸ್ತಿಲು ದಾಟಿದ.

ನೆಲದ ಮೇಲೆ ಮಕ್ಕಳಿಬ್ಬರೂ ಟ್ಯಾಬನ್ನು ಮುತ್ತಿಕೊಂಡಿದ್ದರು. ವೇಣಿ ಮೀಸೆಯವನನ್ನು ಒಲೆಯ ಮುಂದಕ್ಕೆ ಎಳೆದು ತಂದಳು. ನೀಲ ಅವನ ಕೈಯಿಂದ ಸೂಟ್‌ಕೇಸು ಕಿತ್ತು ಫ್ರಿಜ್ಜಿನೊಳಗಿಟ್ಟು ಬಾಗಿಲು ಮುಚ್ಚಿದಳು.

"ಅಪ್ಪಾ, ಇನ್ನ ನಿನಗ ಬ್ಯಾಗ್ ಸಿಗಂಗಿಲ್ಲ," ಎಂದಳು.

ಸೋಮವಾರಕ್ಕೆ ಇನ್ನೊಂದೇ ದಿನವಿತ್ತು.