ಪಕ್ಕದಲ್ಲಿ ಕೂತವಳ ಹೆಸರು

ಕಾಲಿಗೆ ಬೀಳಲು ಬಾಗಿದ ಅತ್ತೆಯನ್ನು ವೈಷ್ಣವಿ ತೋಳು ಹಿಡಿದು ತಡೆದಳು. ಹುಬ್ಬಳ್ಳಿಯಿಂದ ಅಮೆರಿಕದ ಸೈಪ್ರೆಸ್‌ನ ಮಗನ ಮನೆಗೆ ಬಂದಿದ್ದ ಶಿವಬಸವ್ವನ ಕಣ್ಣಲ್ಲಿ ಬೇಕೆಂದಾಗ ನೀರು ಬರುತ್ತಿತ್ತು.

"ಗಂಡನ್ನ ಹಿಂದ ಹಾಕಿ ನೀ ನೌಕರಿಗೆ ಹ್ವಾದ್ರ ಮಂದಿ ಏನಂತಾರವ್ವಾ? ಮೊದಲ ಅವಂಗ ಸಿಗಲಿ. ನಿನಗ ಬರ್ತದಲ್ಲ, ಮಗ್ಗಲ್ದಾಗ ಕುಂತು ಹೇಳಿಕೊಡು..."

ಅದು ೨೦೧೭. ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡಲು ಸರಕಾರದ ಅನುಮತಿಯಿಲ್ಲದೆ ಮನೆಯಲ್ಲೇ ಕೂತಿದ್ದ ವರ್ಷಗಳಲ್ಲಿ ವೈಷ್ಣವಿ ಒಲೆಯ ಮುಂದೆ ನಿಂತೇ ಡೇಟಾ ಸೈನ್ಸ್ ಓದಿದವಳು. ಅನುಮತಿ ಕೈಗೆ ಬಂದದ್ದೇ ತಡ, ಆಸ್ಟಿನ್ನಿನ ದೊಡ್ಡ ಕಂಪನಿಯೊಂದರ ಫೋನ್ ಇಂಟರ್‌ವ್ಯೂ ಗೆದ್ದಿದ್ದಳು. ಮಂಗಳವಾರ ಅಲ್ಲಿಗೇ ಹೋಗಿ ಕೊನೆಯ ಸುತ್ತು ಎದುರಿಸಬೇಕಿತ್ತು. ಅದನ್ನು ಕೇಳಿದ ಗಂಡ ಶ್ರೀಶೈಲನಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅದೇ ಕಂಪನಿಗೆ, ಅದೇ ಕೆಲಸಕ್ಕೆ ತಾನೂ ಅರ್ಜಿ ಹಾಕಿಬಿಟ್ಟ ಮಹಾರಾಯ! ಓದುವ ತಾಪತ್ರಯ ಮಾತ್ರ ಬೇಡವಾಗಿತ್ತು.

ಫೋನನ್ನು ಸ್ಪೀಕರಿಗೆ ಹಾಕುವುದು, ಅವಳು ಮೆಲ್ಲಗೆ ಕನ್ನಡದಲ್ಲಿ ಹೇಳುವುದು, ಅವನು ಇಂಗ್ಲಿಷಿನಲ್ಲಿ ಒದರುವುದು, ಇದು ಅವನ ಉಪಾಯ. ಅಂಗಡಿಯಲ್ಲಿ ಎದುರಿಗಿದ್ದವರನ್ನೇ ಕನ್ನಡದಲ್ಲಿ ಆಡಿಕೊಂಡು ರೂಢಿಯಾಗಿತ್ತಲ್ಲ, ಈ ದೇಶದಲ್ಲಿ ನಮ್ಮ ಮಾತು ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಅತ್ತೆಯ ಕಣ್ಣೀರಿಗೆ ಸೋತು ವೈಷ್ಣವಿ ಅವನ ಪಕ್ಕ ಕೂತಳು; ಫೋನ್ ಬಂತು. ಇಂಟರ್‌ವ್ಯೂ ಮಾಡುವಾತ ತನ್ನನ್ನು ಬರೀ 'ಪಿ.ಕೆ.' ಎಂದು ಪರಿಚಯಿಸಿಕೊಂಡ.

ಹಳೆಯ ಡೇಟಾದಲ್ಲಿ ಗೆದ್ದ ಕಂಪ್ಯೂಟರ್ ಮಾಡೆಲ್ ಹೊಸದರಲ್ಲಿ ಸೋತರೆ ಏನು ಕಾರಣ ಎಂದು ಪಿ.ಕೆ. ಕೇಳಿದ. ಹಳೆಯದನ್ನು ಬಾಯಿಪಾಠ ಮಾಡಿದೆ, ಅರ್ಥ ಮಾಡಿಕೊಂಡಿಲ್ಲ ಎಂದು ವೈಷ್ಣವಿ ಪಿಸುಗುಟ್ಟಿದಳು. ಶ್ರೀಶೈಲ್ ಅದನ್ನೇ ಗತ್ತಿನಿಂದ ಹೇಳಿದ. ತಾನು ಅಗಿದ ಎಂಜಲನ್ನು ಇವನು ಚಪ್ಪರಿಸಿ ನುಂಗುತ್ತಿದ್ದಾನೆ ಅನ್ನಿಸಿ ಅವಳಿಗೆ ಹೇಸಿಗೆಯಾಯಿತು. ನುಂಗಿಸುತ್ತಿರುವವಳು ತಾನೇ ಅಲ್ಲವೇ... ಛೀ!

ಐದಾರು ಪ್ರಶ್ನೆಗಳಾದ ಮೇಲೆ ಫೋನಿನಿಂದ ಅಚ್ಚ ಧಾರವಾಡದ ಕನ್ನಡ ಬಂತು.

"ಉತ್ತರ ಛಲೋ ಅದಾವ್ರೀ. ಮಗ್ಗಲ್ದಾಗ ಕುಂತವರು ಯಾರು?"

ಶಿವಬಸವ್ವ ತುಟಿಯ ಮೇಲೆ ಬೆರಳಿಟ್ಟು ಸೊಸೆಗೆ ಸನ್ನೆ ಮಾಡಿದಳು.

"ಯಾರೂ ಇಲ್ರೀ ಸರ್... ನಮ್ಮನಿ ಅಡಿಗಿಯಾಕಿ. ಸುಮ್ನ ಏನರೆ ವಟವಟ ಅಂತಿರ್ತಾಳ," ಎಂದ ಶ್ರೀಶೈಲ್.

ಅಡುಗೆಯವಳು! ಸುಮ್ಮನಿದ್ದರೆ ಮಂಗಳವಾರದ ಕೊನೆಯ ಸುತ್ತು ವೈಷ್ಣವಿಯದೇ. ಪಿಸುಗುಟ್ಟಿದ್ದು ಅವಳೇ ಎಂದು ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ಸುಳ್ಳಿನ ಮೇಲೆ ಆಸ್ಟಿನ್ನಿಗೆ ಹೋಗಿ ಯಾವ ಮುಖ ಹೊತ್ತು ಕೂರಲಿ? ಗಂಡನ ಮೇಲಿನ ಅಸಹ್ಯಕ್ಕಿಂತ ತನ್ನ ಮೇಲಿನದೇ ತಡೆಯಲಾಗಲಿಲ್ಲ.

"ನಾ ವೈಷ್ಣವಿರಿ, ಇವರ ಹೆಂಡತಿ," ಎಂದಳು. "ಮಂಗಳವಾರ ನಿಮ್ಮಲ್ಲಿಗೆ ಬರಬೇಕಾದಾಕಿ. ಉತ್ತರ ಎಲ್ಲಾ ನಾನ ಹೇಳಿಕೊಟ್ಟೀನಿ. ನನ್ನ ಹೆಸರು ಹೊಡದು ಹಾಕ್ರಿ."

ಆ ಕಡೆ ಪಿ.ಕೆ. ಕೀಲಿಮಣೆ ಒತ್ತಿದ ಸದ್ದು ಕೇಳಿತು.

"ಹೊಡದು ಹಾಕಬೇಕಾಗ್ತದ ಅಕ್ಕಾರ... ನನಗೂ ಸಂಕಟ ಆಗ್ತದ."

ಅಷ್ಟರಲ್ಲಿ ಶ್ರೀಶೈಲ್ ಅವಳನ್ನು ಮೊಣಕೈಯಿಂದ ಸರಿಸಿ ಫೋನಿನ ಮೇಲೆ ಬಾಗಿದ.

"ಹಂಗಾದ್ರ ಸರ್... ನಂದು ಮುಂದ ಹೋಗ್ತದಲ್ರೀ?"

ವೈಷ್ಣವಿಗೆ ಅಳು ಬರಲಿಲ್ಲ. ವಾಕರಿಕೆ ಬಂತು.