ಕೊಟ್ಟ ಮಾಟ

“ಇಕ್ಕಡ ಮಾಟ ಉಂದಿ, ಬಾಬೂ. ಪೊಯ್ಯಿ ವೆಲಿಗಿಂಚಕು.”

ಇಲ್ಲಿ ಒಲೆ ಹಚ್ಚಬೇಡ ಎಂದು ಆ ಊರಿನ ಹಳೆಯ ಮುದುಕಿ ದುರ್ಗಾಂಬ ಹೊಸ ಮನೆಯ ಮುಂದೆ ಕೈಮುಗಿದರೆ ದಿನಕರನಿಗೆ ನಗು ತಡೆಯಲಾಗಲಿಲ್ಲ. ಹಾಸನದಿಂದ ತೆಲುಗು ಸೀಮೆಯ ಗಾಜುವಾಕದ ಬ್ಯಾಂಕಿಗೆ ವರ್ಗವಾಗಿ ಬಂದವನು, ತೆಲುಗು ಅರೆಬರೆ. ಮಾಟ ಎಂಬುದೊಂದೇ ಕಿವಿಗೆ ಬಿತ್ತು, ಮಾಟಮಂತ್ರವೆಂದುಕೊಂಡ.

“ಮಾಟಾನಾ? ನೇನೂ ಇಸ್ತಾನು ಮಾಟ!” ಮಾಡಿಸ್ತೀನಿ ಎನ್ನಲು ತೆಲುಗು ತೋಚದೆ, ನಾನೂ ಕೊಡ್ತೀನಿ ಎಂದು ಗೇಲಿ ಮಾಡಿದ.

ಮುದುಕಿಯ ಮುಖ ಬಿಳಿಚಿತು. “ಏಮನಿ?” ಏನಂತ ಕೊಡ್ತೀಯ?

“ಇಕ್ಕಡೇ ಉಂಟಾನು. ಎಕ್ಕಡಿಕೀ ಪೋನು!” ಇಲ್ಲೇ ಇರ್ತೀನಿ, ಎಲ್ಲಿಗೂ ಹೋಗಲ್ಲ ಎಂದು ಎದೆ ತಟ್ಟಿಕೊಂಡ. ಮುದುಕಿ ಕಿವಿ ಮುಚ್ಚಿಕೊಂಡು ನಡೆದುಬಿಟ್ಟಳು.

ಅದು ಕೆರೆಯ ಜಾಗ. ಉಕ್ಕಿನ ಕಾರ್ಖಾನೆ ಬರುತ್ತದೆಂದು ಊರು ಉಬ್ಬಿದ ಕಾಲ. ನಕ್ಷೆಯಲ್ಲಿ ನೀಲಿಯಾಗಿದ್ದ ಕೆರೆಗೆ ಕೌನ್ಸಿಲರ್ ಸತ್ಯಮೂರ್ತಿ ಹಳದಿ ಬಳಿಸಿದ. ಹಳದಿ ಅಂದರೆ ಮನೆ ಕಟ್ಟಬಹುದು. ಸಭೆಯಲ್ಲಿ ನಾಲ್ಕು ಕೈ ಮೇಲೆದ್ದವು, ಲಾರಿಗಳು ಮಣ್ಣು ಸುರಿದವು, ಕೆರೆ ಬಡಾವಣೆಯಾಯಿತು. ನೀರು ಎಲ್ಲಿಗೆ ಹೋಗಬೇಕೆಂದು ಒಬ್ಬನೂ ಕೇಳಲಿಲ್ಲ.

ಹೆಂಡತಿ ಸುಮಿತ್ರಾ ಚೊಚ್ಚಲ ಬಸುರಿ, ಹತ್ತಿರದ ಅನಕಾಪಲ್ಲಿಯ ತವರಿನಲ್ಲಿದ್ದಳು; ಅಲ್ಲೇ ಬೆಳೆದ ಅವಳಿಗೆ ತೆಲುಗೂ ಮನೆಮಾತಿನಷ್ಟೇ ಸಲೀಸು. ಮಗು ಸ್ವಂತ ಮನೆಗೇ ಬರಬೇಕೆಂದು ಹಟ ಹಿಡಿದು ದಿನಕರ ಆ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ.

ಒಲೆ ಹಚ್ಚಿ ಹಾಲುಕ್ಕಿಸಿದ ದಿನವೇ ನೆಲ ಬೆವರಿತು. ಪಾಚಿಯ ವಾಸನೆ, ಕೊಳೆತ ತಾವರೆದಂಟಿನ ನಾತ. ಹಾಸುಗಲ್ಲಿನ ಕೆಳಗೆ ಯಾರೋ ಬೊಗಸೆಯಲ್ಲಿ ನೀರು ಕುಡಿಯುವ ಸದ್ದು.

ಗಂಡು ಮಗು ಹುಟ್ಟಿತೆಂದು ಸುದ್ದಿ ಬಂತು. ಓಡಿದ. ಅನಕಾಪಲ್ಲಿಯ ಬಸ್ಸು ಹತ್ತಿ ಕೂತ. ರೆಪ್ಪೆ ಬಡಿದ. ತನ್ನ ಗೇಟಿನೊಳಗೇ ನಿಂತಿದ್ದ. ಕೈಯಲ್ಲಿ ಬಸ್ಸಿನ ಟಿಕೆಟ್ಟು. ಮತ್ತೆ ಹೋದ. ಮತ್ತೆ ಅದೇ ಗೇಟು. ಆಮೇಲಾಮೇಲೆ ಗೇಟಿನಾಚೆ ಕಾಲಿಡುವುದೂ ಆಗದೆ ಹೋಯಿತು.

ನಾಮಕರಣಕ್ಕೂ ಗಂಡ ಬರಲಿಲ್ಲವೆಂದು ಸುಮಿತ್ರಾಳೇ ಕೂಸನ್ನೆತ್ತಿಕೊಂಡು ಬಂದು ಗೇಟಿನಾಚೆ ನಿಂತಳು. ಸಮುದ್ರದ ಕಡೆಯಿಂದ ತುಫಾನಿನ ಮೋಡ ಮುಸುಕಿ, ಹಗಲಿನಲ್ಲೇ ಕತ್ತಲಾಗಿತ್ತು. ಬೀದಿಯ ತಿರುವಿನಲ್ಲಿ ದುರ್ಗಾಂಬ ಅವಳನ್ನು ತಡೆದು ಎಲ್ಲ ಹೇಳಿದ್ದಳು.

“ಏನ್ರೀ ಮಾಡ್ಕೊಂಡ್ರಿ! ತೆಲುಗಲ್ಲಿ ಮಾಟ ಅಂದ್ರೆ ಮಾತು ಕಣ್ರೀ. ಇಲ್ಲಿ ಒಲೆ ಹಚ್ಚಲ್ಲ ಅಂತ ಆ ಅಜ್ಜಿಯ ಹಿರೀಕರು ಕೆರೆಯ ಗಂಗಮ್ಮನಿಗೆ ಮಾತು ಕೊಟ್ಟಿದ್ರಂತೆ. ನೀವು ನೋಡಿದ್ರೆ, ಇಲ್ಲೇ ಇರ್ತೀನಿ ಅಂತ ಅವಳಿಗೇ ಮಾತು ಕೊಟ್ಟುಬಿಟ್ರಿ...”

ಒಳಗೆ ನಿಂತಿದ್ದ ದಿನಕರ ಗೇಟಿನ ಸರಳು ಹಿಡಿದುಕೊಂಡ.

“ಕೂಸಿಗೆ ಹೆಸರಾದ್ರೂ ಹೇಳ್ರೀ. ಅಪ್ಪ ಕಿವೀಲಿ ಹೇಳ್ದೆ ಹೆಂಗ್ರೀ?” ಅವಳು ಬಗ್ಗಿ ಮಗುವಿನ ಕಿವಿಯನ್ನು ಗೇಟಿನ ಮೇಲಿಂದ ಒಳಕ್ಕೆ ಚಾಚಿದಳು.

ಬಾಯಿ ತೆರೆದ. ಹೆಸರು ಬರಲಿಲ್ಲ. ಕೆಸರು ಬಂತು. ಕರಿಯ, ತಣ್ಣನೆಯ ಕೆಸರು. ಗೇಟಿನ ಬುಡ ಕುಸಿಯಿತು. ಅವಳ ಪಾದ ಇಳಿಯಿತು. ಕಣಕಾಲು ಇಳಿಯಿತು. ಓಡು ಎನ್ನಬೇಕು. ಗಂಟಲು ತುಂಬಿದೆ. ಮಗು ಚೀರಿತು.

ಎರಡೂ ಕೈಯಿಂದ ನೂಕಿದ. ಸುಮಿತ್ರಾ ರಸ್ತೆಯ ಮೇಲೆ ಅಂಗಾತ ಬಿದ್ದಳು, ಕೂಸು ಎದೆಯ ಮೇಲೆ. ಆ ಕತ್ತಲಲ್ಲಿ ಅವಳಿಗೆ ಕೆಸರು ಕಾಣಲಿಲ್ಲ. ಗಂಡ ನೂಕಿದ್ದಷ್ಟೇ ಕಂಡಿತು.

“ಮಗೂನೂ ಬೇಡ್ವೇನ್ರೀ ನಿಮಗೆ?”

ಬೇಡವೆಂದು ಅವನು ತಲೆಯಾಡಿಸಿದ.

ಅವಳು ಎದ್ದಳು. ಹೋದಳು. ತಿರುಗಿ ನೋಡಲಿಲ್ಲ. ಗೇಟಿನೊಳಗೆ ನೀರು ಅವನ ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಅನಕಾಪಲ್ಲಿಯ ಬಸ್ಸು ಹೊರಟ ಸದ್ದು ಕೇಳುವವರೆಗೂ ಅವನು ಗೇಟನ್ನು ಒಳಗಿನಿಂದ ಬಿಗಿಯಾಗಿ ಹಿಡಿದೇ ಇದ್ದ.