ಮಾದರಿ ಸೀರೆಯ ಫೈಲು

ತಾನೇ ಅಳಿಸಿದೆನೇ? ನಿನ್ನೆ ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಆ ಫೈಲನ್ನು ತೆರೆದದ್ದು ನಿಜ. ಮುಚ್ಚಿದ್ದು? ಎಷ್ಟು ಯೋಚಿಸಿದರೂ ವೀರೇಶನಿಗೆ ನೆನಪಾಗಲಿಲ್ಲ.

ಬೆಟಗೇರಿಯ ಆ ಸಣ್ಣ ಕಚೇರಿಯಲ್ಲಿ ನಾಲ್ವರು ಸೇರಿ ನೇಕಾರರಿಗಾಗಿ ಸೀರೆಯ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದರು. ಏನು ಬದಲಿಸಿದರೂ ಉಳಿದದ್ದು ಸರಿಯಿದೆಯೇ ಎಂದು ಪರೀಕ್ಷೆಗಳನ್ನು ಓಡಿಸಿ ನೋಡಬೇಕು. ಎಲ್ಲರ ಪರೀಕ್ಷೆಗಳಿಗೂ ಒಂದೇ ಫೈಲು, ಒಂದೇ ಮಾದರಿ ಸೀರೆ. ವೀರೇಶ ತನ್ನ ಕೆಲಸಕ್ಕೆಂದು ಅದರ ಅಂಚು ತಿದ್ದಿದರೆ ಸಹೋದ್ಯೋಗಿ ತಾರೀಖನ ಪರೀಕ್ಷೆ ಕೆಡುತ್ತಿತ್ತು. ಮೂರು ಸಲ ಹಾಗಾಗಿತ್ತು. ಇನ್ನೊಮ್ಮೆ ಆದರೆ ಕೆಲಸ ಬಿಟ್ಟು ತನ್ನೂರು ಮುಂಡರಗಿಯ ಬಸ್ಸು ಹತ್ತಬೇಕಾಗುತ್ತದೆ ಎಂದು ಮುಖ್ಯಸ್ಥೆ ರೋಹಿಣಿ ಅವನಿಗೆ ಎಚ್ಚರಿಕೆ ಕೊಟ್ಟಿದ್ದಳು.

ಈಗ ಫೈಲಿನ ಮುನ್ನೂರು ಸಾಲು ಮಾಯ. ಉಳಿದದ್ದು ಒಂದೇ ಸಾಲು. ಬದಲಾವಣೆ ದಾಖಲಾದದ್ದು ನಿನ್ನೆ ಮಧ್ಯಾಹ್ನ ಒಂದೂವರೆಗೆ— ವೀರೇಶನ ಹೆಸರಿನಲ್ಲಿ.

ರೋಹಿಣಿ ಒಬ್ಬೊಬ್ಬರನ್ನೇ ಕೇಳಿದಳು. ತಾನು ಮುಟ್ಟಿಲ್ಲ ಎಂದ ತಾರೀಖ. ಮುಟ್ಟುವವರು ಯಾರೆಂದು ಎಲ್ಲರಿಗೂ ಗೊತ್ತಲ್ಲ ಎಂದೂ ಸೇರಿಸಿದ. ನೇಕಾರರ ಮನೆಯ ಸುನಿಲಕುಮಾರ ತಲೆ ಎತ್ತದೆ ತನಗೇನೂ ಗೊತ್ತಿಲ್ಲವೆಂದ.

"ಊಟಕ್ಕ ಹೋಗುಮುಂದ ಕಂಪ್ಯೂಟರ್ ಬಂದ್ ಮಾಡಿದ್ದೇನು, ವೀರೇಶ?"

"ಇಲ್ರಿ ಮೇಡಂ. ನಾನ ಅಳಿಸೇನೋ ಏನೋ, ತಿಳೀವಲ್ದು."

"ತಪ್ಪು ಒಪ್ಕೊಳ್ಳಾಕ ಇಷ್ಟು ಅವಸರ ಯಾಕೋ?"

ಅವಳು ಎಲ್ಲ ಪರೀಕ್ಷೆಗಳನ್ನೂ ಓಡಿಸಿದಳು. ಒಂದೂ ಕೆಟ್ಟಿರಲಿಲ್ಲ.

"ಮಾದರಿ ಹೋಗಿದ್ರ ಎಲ್ಲಾ ಕೆಡಬೇಕಿತ್ತು. ಉಳಿದ ಈ ಒಂದು ಸಾಲು ನಾವ್ಯಾರೂ ಓದಲೇ ಇಲ್ಲ."

ಆ ಸಾಲು ಹೊಸ ಜಾಗವೊಂದನ್ನು ತೋರಿಸುತ್ತಿತ್ತು. ಅಲ್ಲಿ ನಾಲ್ವರಿಗೂ ಬೇರೆ ಬೇರೆ ಫೈಲು, ಬೇರೆ ಬೇರೆ ಮಾದರಿ ಸೀರೆ. ಇನ್ನು ಯಾರು ತಮ್ಮದನ್ನು ತಿದ್ದಿದರೂ ಇನ್ನೊಬ್ಬರದು ಕೆಡದು.

"ಹಾಸಿನ ಉದ್ದ ನೂಲು ಮುಗಿದ್ರ ಮಗ್ಗದಾಗ ಹಳೇ ಎಳಿ ತುದಿ ಬಿಟ್ಟಿರ್ತಾರ, ಹೊಸಾ ಎಳಿ ಅದಕ್ಕ ಗಂಟು ಹಾಕಾಕ. ಇಲ್ಲೂ ಹಂಗ ಒಂದು ಸಾಲು ಬಿಟ್ಟಾರ. ನಮ್ಮೊಳಗ ಮಗ್ಗದ ಮುಂದ ಬೆಳೆದಾಂವ ಒಬ್ಬನ. ಹೌದಿಲ್ಲೋ, ಸುನಿಲಕುಮಾರ?"

ವೀರೇಶ ಸುನಿಲಕುಮಾರನತ್ತ ತಿರುಗಿದ. ತನ್ನ ಹೆಸರಿನಲ್ಲೇ ಏಕೆ? ತನ್ನನ್ನು ಓಡಿಸಲೆಂದೇ?

ಸುನಿಲಕುಮಾರ ಒಪ್ಪಿಕೊಂಡ. "ಚೊಲೋ ಕೆಲಸ ಅವನ ಹೆಸರಿನ್ಯಾಗ ಇದ್ರ ನೀವು ಅವನ್ನ ಬಿಡಸಾಂಗಿಲ್ಲ ಅನ್ಕೊಂಡ್ನಿರಿ. ಹಿಂಗ ತಿರುಗತೈತಿ ಅಂತ ಗೊತ್ತಿರಲಿಲ್ಲ."

ಕೇಳದೆ ಇನ್ನೊಬ್ಬರ ಕಂಪ್ಯೂಟರ್ ಮುಟ್ಟಿದ್ದಕ್ಕೆ ರೋಹಿಣಿ ಅವನನ್ನು ಬೈದಳು. ಬದಲಾವಣೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಳು. ವೀರೇಶನೂ ಉಳಿದ. ಸಂಜೆ ಅವನೂ ಸುನಿಲಕುಮಾರನೂ ಒಂದೇ ತಟ್ಟೆಯಲ್ಲಿ ಮಿರ್ಚಿ ಭಜಿ ತಿಂದರು.

ತನ್ನನ್ನು ಹೊರಹಾಕಲೆಂದೇ ಸುನಿಲಕುಮಾರ ಹೀಗೆ ಮಾಡಿದನೆಂದು ಒಂದು ಗಳಿಗೆ ನಂಬಿದ್ದನ್ನು ವೀರೇಶ ಅವನಿಗೆ ಎಂದೂ ಹೇಳಲಿಲ್ಲ.